ದೇಣಿಗೆಗೆ ಮುನ್ನ ‘ಎನ್‌ಜಿಒ ದರ್ಪಣ’: ಕಲಬುರಗಿಯ ಬಳಕೆದಾರರೊಬ್ಬರ ವಿಮರ್ಶೆ

ಕಲಬುರಗಿಯಲ್ಲಿ ಈಗ ದೇಣಿಗೆ ಕೇಳಿಕೊಂಡು ಬರುವ ಸಂಸ್ಥೆಗಳ ಕರಪತ್ರದ ಕೆಳಭಾಗದಲ್ಲಿ ಸಾಮಾನ್ಯವಾಗಿ ಮೂರು ಸಂಖ್ಯೆಗಳು ಅಚ್ಚಾಗಿರುತ್ತವೆ. ಒಂದು ಸಂಘದ ಅಥವಾ ಟ್ರಸ್ಟಿನ ನೋಂದಣಿ ಸಂಖ್ಯೆ, ಇನ್ನೊಂದು ದಾನಿಗೆ ತೆರಿಗೆ ಲೆಕ್ಕದಲ್ಲಿ ಕಡಿತ ಸಿಗಲೆಂದು ಆದಾಯ ತೆರಿಗೆ ಇಲಾಖೆ ಕೊಟ್ಟ 80ಜಿ ಆದೇಶದ ಸಂಖ್ಯೆ, ಮತ್ತೊಂದು ‘ಎನ್‌ಜಿಒ ದರ್ಪಣ’ದ ಗುರುತಿನ ಸಂಖ್ಯೆ. ದರ್ಪಣವೆಂದರೆ ಸ್ವಯಂಸೇವಾ ಸಂಸ್ಥೆಗಳ ವಿವರ ಸಿಗುವ ಜಾಲತಾಣ. ಈ ಮೂರನೆಯ ಸಂಖ್ಯೆಗೆ ಕೇಂದ್ರ ಸರ್ಕಾರದ ನೀತಿ ಆಯೋಗದ ಹೆಸರು ಅಂಟಿಕೊಂಡಿರುವುದರಿಂದ, ಅದನ್ನು ಕಂಡ ಕೂಡಲೇ ಬಹಳ ಜನ ಮರುಮಾತಾಡದೆ ಜೇಬಿಗೆ ಕೈಹಾಕುತ್ತಾರೆ. ನಾವು ಕೆಲವು ನಿವೃತ್ತ ನೌಕರರು ವರ್ಷಕ್ಕೊಮ್ಮೆ ತಲಾ ಇಷ್ಟೆಂದು ಹಣ ಕೂಡಿಸಿ, ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಯಾವುದಾದರೂ ವೃದ್ಧಾಶ್ರಮಕ್ಕೋ ಹೆಣ್ಣುಮಕ್ಕಳ ವಸತಿನಿಲಯಕ್ಕೋ ಕೊಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ಸಂಸ್ಥೆಯ ಪೂರ್ವಾಪರ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಆ ಕೆಲಸಕ್ಕಾಗಿ ದರ್ಪಣ ಜಾಲತಾಣವನ್ನು ಬಹಳ ಕಾಲದಿಂದ ಬಳಸುತ್ತಿರುವುದರಿಂದ, ಅದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಮತ್ತು ಅದರ ಜೊತೆಗೆ ಇನ್ನೇನನ್ನು ನೋಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಭಾಗದಲ್ಲಿ ಕೊಡುವ ಗುಣಕ್ಕೆ ಕೊರತೆಯಿಲ್ಲ. ಶರಣಬಸವೇಶ್ವರರ ದಾಸೋಹ, ಬೀದರಿನ ನಾನಕ್ ಝಿರಾ ಗುರುದ್ವಾರದ ಲಂಗರ್, ಖ್ವಾಜಾ ಬಂದಾನವಾಜರ ದರ್ಗಾಕ್ಕೆ ಉರುಸಿನಲ್ಲಿ ಸಲ್ಲುವ ಕಾಣಿಕೆ, ಇವೆಲ್ಲವನ್ನೂ ನೋಡುತ್ತಲೇ ಬೆಳೆದವರು ನಾವು. ಇಂಥ ಕಡೆ ಕೊಟ್ಟ ಜೋಳ ರೊಟ್ಟಿಯಾಗಿ ಪಂಕ್ತಿಗೆ ಬರುವುದನ್ನು ಕೊಟ್ಟವರೇ ಕಣ್ಣಾರೆ ನೋಡಬಹುದಾದ್ದರಿಂದ ಬೇರೆ ಲೆಕ್ಕಪತ್ರ ಬೇಕೆನಿಸುವುದಿಲ್ಲ. ಆದರೆ ಸುರಪುರ ತಾಲ್ಲೂಕಿನ ಒಂದು ಶಾಲೆಗೆಂದು ಅಥವಾ ಭೀಮಾ ನೆರೆ ಸಂತ್ರಸ್ತರಿಗೆಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕಳಿಸುವ ಹಣವನ್ನು ಹಾಗೆ ನೋಡಲಾಗದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿದಾಗ, ಅದುವರೆಗೆ ಹೆಸರೇ ಕೇಳಿರದ ಎಷ್ಟೋ ಬಳಗಗಳು ಪಟ್ಟಿ ಎತ್ತಿದವು. ಅವುಗಳಲ್ಲಿ ಪ್ರಾಮಾಣಿಕರೇ ಹೆಚ್ಚಿದ್ದಿರಬಹುದು. ಆದರೆ ಅದನ್ನು ತಿಳಿದುಕೊಳ್ಳುವ ದಾರಿ ನಮ್ಮಂಥ ಸಾಮಾನ್ಯ ದಾನಿಗಳಿಗೆ ಗೊತ್ತಿರಲಿಲ್ಲ.

ಎನ್‌ಜಿಒ ದರ್ಪಣವನ್ನು ನಡೆಸುವುದು ನೀತಿ ಆಯೋಗ, ತಾಂತ್ರಿಕ ನಿರ್ವಹಣೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು. ಟ್ರಸ್ಟ್, ಸಂಘ, ಲಾಭರಹಿತ ಕಂಪನಿ, ಹೀಗೆ ಯಾವ ರೂಪದ ಸ್ವಯಂಸೇವಾ ಸಂಸ್ಥೆಯಾದರೂ ಇಲ್ಲಿ ಹೆಸರು ನೋಂದಾಯಿಸಿ ಒಂದು ಗುರುತಿನ ಸಂಖ್ಯೆ ಪಡೆಯಬಹುದು. ಆ ಸಂಖ್ಯೆಯಲ್ಲಿ ಮೊದಲು ರಾಜ್ಯದ ಸಂಕೇತಾಕ್ಷರ, ನಂತರ ವರ್ಷ, ಕೊನೆಯಲ್ಲಿ ಕ್ರಮಸಂಖ್ಯೆ ಇರುತ್ತದೆ. ನಮ್ಮ ರಾಜ್ಯದ್ದಾದರೆ ‘ಕೆಎ’ ಎಂದು ಆರಂಭವಾಗುತ್ತದೆ. ಆ ವರ್ಷ ದರ್ಪಣಕ್ಕೆ ಸೇರಿದ ವರ್ಷವೇ ಹೊರತು ಸಂಸ್ಥೆ ಹುಟ್ಟಿದ ವರ್ಷವಲ್ಲ. ಸಂಸ್ಥೆಯ ಪುಟ ತೆರೆದರೆ ಅದು ಯಾವ ಕಾಯ್ದೆಯಡಿ, ಯಾವ ಊರಿನಲ್ಲಿ, ಯಾವ ದಿನಾಂಕದಂದು ನೋಂದಣಿಯಾಗಿದೆ, ಪದಾಧಿಕಾರಿಗಳು ಯಾರು, ಯಾವ ಕ್ಷೇತ್ರಗಳಲ್ಲಿ ಮತ್ತು ಯಾವ ಜಿಲ್ಲೆಗಳಲ್ಲಿ ಕೆಲಸ ಮಾಡುತ್ತದೆ, ವಿದೇಶಿ ದೇಣಿಗೆ ಪಡೆಯಲು ನೋಂದಣಿ ಇದೆಯೇ, ಯಾವ ಮೂಲದಿಂದ ಯಾವ ವರ್ಷ ಎಷ್ಟು ಹಣ ಬಂದಿದೆ ಎಂಬುದಕ್ಕೆಲ್ಲ ಅಂಕಣಗಳಿವೆ. ಮುದ್ರಿತ ಕರಪತ್ರದಲ್ಲಿ ಸಾಮಾನ್ಯವಾಗಿ ಕಾಣಿಸದ ಇಷ್ಟು ಸಂಗತಿಗಳು ಒಂದೇ ಕಡೆ ಉಚಿತವಾಗಿ ಸಿಗುವುದು ಸಣ್ಣ ಉಪಕಾರವಲ್ಲ. ಹೆಸರು, ವಿಳಾಸ, ಪದಾಧಿಕಾರಿಗಳ ಮಟ್ಟಿಗೆ ಇಷ್ಟು ಸುಲಭವಾದ ಇನ್ನೊಂದು ದಾರಿಯನ್ನು ನಾನು ಕಂಡಿಲ್ಲ.

ಈ ಪುಟವನ್ನು ಓದುವುದಕ್ಕೆ ಒಂದು ಕ್ರಮವಿದೆ. ನಾನು ಮೊದಲು ನೋಡುವುದು ಸಂಸ್ಥೆಯ ನೋಂದಣಿ ದಿನಾಂಕವನ್ನು. ‘ಇಪ್ಪತ್ತೈದು ವರ್ಷಗಳಿಂದ ಸೇವೆಯಲ್ಲಿ’ ಎಂದು ಕರಪತ್ರ ಹೇಳುತ್ತಿದ್ದು, ಇಲ್ಲಿ ಮೊನ್ನೆ ಮೊನ್ನೆಯ ದಿನಾಂಕವಿದ್ದರೆ ನಡುವಿನ ಕಾಲದ ಬಗ್ಗೆ ವಿಚಾರಿಸಲೇಬೇಕು. ಹಳೆಯ ಬಳಗವೊಂದು ಈಚೆಗೆ ಟ್ರಸ್ಟ್ ಮಾಡಿಕೊಂಡಿರುವುದೂ ಉಂಟು. ಎರಡನೆಯದು ಪದಾಧಿಕಾರಿಗಳ ಪಟ್ಟಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘವೊಂದಕ್ಕೆ ಕನಿಷ್ಠ ಏಳು ಸದಸ್ಯರು ಬೇಕು. ಅಧ್ಯಕ್ಷ, ಕಾರ್ಯದರ್ಶಿ ಮತ್ತು ಖಜಾಂಚಿ ಮೂವರೂ ಒಂದೇ ಮನೆತನದವರಾಗಿದ್ದರೆ ಅದೇ ಅಪರಾಧವಲ್ಲ, ಆದರೆ ಚೆಕ್ಕಿಗೆ ಸಹಿ ಹಾಕುವವರು ಯಾರು ಎಂದು ಕೇಳಲು ಅದು ಸಾಕಷ್ಟು ಕಾರಣ. ಮೂರನೆಯದು ಕ್ಷೇತ್ರಗಳ ಪಟ್ಟಿ. ಕೃಷಿ, ಆರೋಗ್ಯ, ಶಿಕ್ಷಣ, ಪ್ರವಾಸೋದ್ಯಮ, ವಿಜ್ಞಾನ, ಕ್ರೀಡೆ ಎಂದು ಸಿಕ್ಕಿದ್ದನ್ನೆಲ್ಲ ಗುರುತು ಹಾಕಿಕೊಂಡ ಪುಟಕ್ಕಿಂತ, ‘ಅಂಗವಿಕಲರು’ ಮತ್ತು ‘ಶಿಕ್ಷಣ’ ಎಂದು ಎರಡನ್ನೇ ಗುರುತಿಸಿಕೊಂಡ ಪುಟದ ಮೇಲೆ ನನಗೆ ಭರವಸೆ ಹೆಚ್ಚು, ಏಕೆಂದರೆ ತನ್ನ ಕೆಲಸ ಯಾವುದೆಂದು ಅದಕ್ಕೆ ಗೊತ್ತಿದೆ.

ಇಲ್ಲಿಂದ ಮುಂದೆ ದರ್ಪಣದ ಮಿತಿ ಶುರುವಾಗುತ್ತದೆ, ಇದನ್ನು ಎಲ್ಲ ದಾನಿಗಳೂ ಸ್ಪಷ್ಟವಾಗಿ ತಿಳಿದಿರಬೇಕು. ದರ್ಪಣದಲ್ಲಿ ಹೆಸರಿರುವುದು ಸರ್ಕಾರದ ಮಾನ್ಯತೆ ಪತ್ರವಲ್ಲ. ನೋಂದಣಿ ಸ್ವಯಂಪ್ರೇರಿತವಾದದ್ದು, ಮತ್ತು ಕೆಲಸ, ಸಾಧನೆ, ಹಣಕಾಸಿನ ವಿವರಗಳನ್ನು ತುಂಬುವುದು ಸಂಸ್ಥೆಯವರೇ. ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಲು, ವಿದೇಶಿ ದೇಣಿಗೆಯ ಅನುಮತಿ ಕೇಳಲು ಈ ಸಂಖ್ಯೆ ಬೇಕಾಗುತ್ತದೆ. ಜೊತೆಗೆ 2023ರ ಮಾರ್ಚಿನಲ್ಲಿ ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳಿಗೆ ತಿದ್ದುಪಡಿಯಾಗಿ, ಬ್ಯಾಂಕುಗಳು ತಮ್ಮ ಲಾಭರಹಿತ ಸಂಸ್ಥೆ ಗ್ರಾಹಕರ ವಿವರ ದರ್ಪಣದಲ್ಲಿ ನೋಂದಣಿಯಾಗಿರುವಂತೆ ನೋಡಿಕೊಳ್ಳಬೇಕಾಯಿತು. ಹೀಗಾಗಿ ಈ ಸಂಖ್ಯೆ ಇರುವುದು ಸಂಸ್ಥೆ ಸರ್ಕಾರಕ್ಕೂ ಬ್ಯಾಂಕಿಗೂ ಬೇಕಾದ ಕಾಗದ ಹೊಂದಿಸಿದೆ ಎನ್ನುವುದಕ್ಕೆ ಸಾಕ್ಷಿಯೇ ಹೊರತು, ವಸತಿನಿಲಯದ ಮಕ್ಕಳಿಗೆ ರಾತ್ರಿಯ ಊಟ ಸರಿಯಾಗಿ ಸಿಗುತ್ತಿದೆ ಎನ್ನುವುದಕ್ಕಲ್ಲ. ಸಾಧನೆಯ ಅಂಕಣದಲ್ಲಿ ಎರಡು ಸಾಲು ಇಂಗ್ಲಿಷ್ ಬರೆದು ಬಿಟ್ಟವರೂ, ಹಣದ ಮೂಲದ ಅಂಕಣವನ್ನು ಖಾಲಿ ಬಿಟ್ಟವರೂ ಸಾಕಷ್ಟಿದ್ದಾರೆ. ಸಂಸ್ಥೆಗಳು ಬರೆಯುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಆದ್ದರಿಂದ, ಆಳಂದ ಅಥವಾ ಔರಾದಿನ ಹಳ್ಳಿಯೊಂದರಿಂದ ವರ್ಷಕ್ಕೆ ಒಂದು ಚೀಲ ತೊಗರಿ ಕೊಡುವ ರೈತನಿಗೆ ಈ ಪುಟ ನೇರವಾಗಿ ದಕ್ಕುವುದಿಲ್ಲ.

ಹುಡುಕುವವರಿಗೆ ನಮ್ಮ ಭಾಗದ್ದೇ ಆದ ಒಂದು ತೊಡಕೂ ಇದೆ. ಊರಿನ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ ಆದರೂ ಹಳೆಯ ನೋಂದಣಿ ಪತ್ರಗಳಲ್ಲಿ ‘ಗುಲ್ಬರ್ಗಾ’ ಎಂದೇ ಇದೆ. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದ ಮೇಲೆ ಕೆಲವರು ಹೆಸರು ಬದಲಿಸಿಕೊಂಡರು, ಕೆಲವರು ಹಾಗೆಯೇ ಉಳಿಸಿಕೊಂಡರು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವ ಮುಂಚೆ ಅಲ್ಲಿ ಹುಟ್ಟಿದ ಸಂಘಗಳ ನೋಂದಣಿ ಆಗಿನ ಗುಲ್ಬರ್ಗಾ ಜಿಲ್ಲೆಯಲ್ಲೇ ಆಗಿರುತ್ತದೆ, ಆದ್ದರಿಂದ ಶಹಾಪುರದ ಹಳೆಯ ಸಂಘವೊಂದು ಯಾದಗಿರಿಯ ಪಟ್ಟಿಯಲ್ಲಿ ಕಾಣದಿದ್ದರೆ ಅದನ್ನು ಸುಳ್ಳು ಸಂಸ್ಥೆ ಎಂದು ತೀರ್ಮಾನಿಸುವುದು ಅನ್ಯಾಯ. ಇದರ ಮೇಲೆ ‘ಸಂಸ್ಥೆ’, ‘ಸೇವಾ’, ‘ಗ್ರಾಮೀಣಾಭಿವೃದ್ಧಿ’ ಮುಂತಾದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಪೂರ್ತಿ ಹೆಸರು ಟೈಪ್ ಮಾಡುವುದಕ್ಕಿಂತ ಹೆಸರಿನ ವಿಶಿಷ್ಟವಾದ ಒಂದೇ ಪದವನ್ನು ಕೊಟ್ಟು ಹುಡುಕುವುದು, ಅಥವಾ ಕರಪತ್ರದಲ್ಲಿರುವ ದರ್ಪಣ ಸಂಖ್ಯೆಯನ್ನೇ ಕೊಟ್ಟು ನೋಡುವುದು ಒಳ್ಳೆಯದು. ಸಂಖ್ಯೆ ಕೊಟ್ಟಾಗ ಬರುವ ಹೆಸರು ಮತ್ತು ಕರಪತ್ರದ ಹೆಸರು ಬೇರೆ ಬೇರೆಯಾಗಿದ್ದರೆ ಅಲ್ಲಿಗೇ ನಿಂತು ವಿವರಣೆ ಕೇಳಬೇಕು.

ದರ್ಪಣದ ಪುಟ ಮುಗಿದ ಮೇಲೆ ನಾನು ಕೇಳುವುದು ಸಂಸ್ಥೆಯ ಪ್ಯಾನ್ ಸಂಖ್ಯೆಯನ್ನು. ಇದಕ್ಕೆ ಮುಜುಗರ ಪಡಬೇಕಾಗಿಲ್ಲ, 80ಜಿ ಅನುಮೋದನೆ ಇರುವ ಸಂಸ್ಥೆಯ ರಸೀದಿಯಲ್ಲಿ ಅದು ಹೇಗೂ ಇರುತ್ತದೆ. ಪ್ಯಾನಿನ ಹತ್ತು ಅಕ್ಷರ-ಅಂಕಿಗಳಲ್ಲಿ ನಾಲ್ಕನೆಯದು ಆ ಪ್ಯಾನ್ ಯಾವ ಬಗೆಯವರದ್ದು ಎಂಬುದನ್ನು ಸೂಚಿಸುತ್ತದೆ: ಟ್ರಸ್ಟ್ ಆದರೆ ‘ಟಿ’, ವ್ಯಕ್ತಿಗಳ ಕೂಟವಾದರೆ ‘ಎ’, ಕಂಪನಿಯಾದರೆ ‘ಸಿ’, ಒಬ್ಬ ವ್ಯಕ್ತಿಯದಾದರೆ ‘ಪಿ’. ಟ್ರಸ್ಟಿನ ಹೆಸರಿನ ರಸೀದಿಯ ಮೇಲೆ ನಾಲ್ಕನೆಯ ಅಕ್ಷರ ‘ಪಿ’ ಇದ್ದರೆ ಅದು ಯಾರದೋ ಸ್ವಂತ ಪ್ಯಾನ್. ರಸೀದಿ ಪುಸ್ತಕ ಎಷ್ಟೇ ಚೆಂದಾಗಿ ಅಚ್ಚಾಗಿರಲಿ, ಈ ಒಂದು ಅಕ್ಷರವನ್ನು ನೋಡಲು ಅರೆಕ್ಷಣ ಸಾಕು. ಯುಪಿಐ ಮೂಲಕ ಕೊಡುವಾಗಲೂ ಸ್ಕ್ಯಾನ್ ಮಾಡಿದ ಮೇಲೆ ಪರದೆಯ ಮೇಲೆ ಮೂಡುವ ಹೆಸರು ಸಂಸ್ಥೆಯದೇ ಎಂದು ಖಚಿತಪಡಿಸಿಕೊಂಡು ಮುಂದುವರಿಯಬೇಕು. ‘ಖಾತೆ ಇನ್ನೂ ಆಗಿಲ್ಲ, ಸದ್ಯ ಕಾರ್ಯದರ್ಶಿಯವರ ನಂಬರಿಗೆ ಹಾಕಿರಿ’ ಎನ್ನುವವರಿಗೆ, ಖಾತೆ ಆದ ಮೇಲೆ ಹಾಕುತ್ತೇವೆ ಎಂದು ನಯವಾಗಿ ಹೇಳುವುದು ನಮ್ಮ ಬಳಗದ ರೂಢಿ.

ಪ್ಯಾನ್ ಕೈಗೆ ಬಂದರೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಹುಡುಕಬಹುದು. ಇದು ದರ್ಪಣಕ್ಕಿಂತ ಒಂದು ಹೆಜ್ಜೆ ಗಟ್ಟಿಯಾದ ಮಾಹಿತಿ, ಏಕೆಂದರೆ ಇಲ್ಲಿರುವುದು ಸಂಸ್ಥೆ ತಾನೇ ಹೇಳಿಕೊಂಡಿದ್ದಲ್ಲ, ಇಲಾಖೆ ಕೊಟ್ಟ ಆದೇಶ. ಆದರೂ ಪಟ್ಟಿಯಲ್ಲಿ ಹೆಸರು ಕಂಡಿತೆಂದು ಸುಮ್ಮನಾಗದೆ ಆದೇಶದ ಪ್ರತಿಯನ್ನೇ ಕೇಳಿ ಓದುವುದು ಲೇಸು. 2021ರ ಏಪ್ರಿಲ್ 1ರಿಂದ ನಿಯಮಗಳು ಬದಲಾಗಿ, ಅದಕ್ಕಿಂತ ಮೊದಲು ಕಾಲಮಿತಿಯಿಲ್ಲದೆ ಸಿಕ್ಕಿದ್ದ 80ಜಿ ಅನುಮೋದನೆಗಳನ್ನು ಹೊಂದಿದ್ದವರೆಲ್ಲ ಮತ್ತೆ ಅರ್ಜಿ ಹಾಕಿ ಹೊಸ ಆದೇಶ ಪಡೆಯಬೇಕಾಯಿತು. ಆ ಸುತ್ತಿನಲ್ಲಿ ಐದು ವರ್ಷಕ್ಕೆಂದು ಸಿಕ್ಕ ಅನುಮೋದನೆಗಳು 2022-23ರಿಂದ 2026-27ರವರೆಗಿನ ಅಸೆಸ್‌ಮೆಂಟ್ ವರ್ಷಗಳಿಗೆ, ಅಂದರೆ 2026ರ ಮಾರ್ಚ್ 31ರವರೆಗಿನ ದೇಣಿಗೆಗಳಿಗೆ, ಅನ್ವಯವಾಗುವಂಥವು. ಹೊಸದಾಗಿ ಹುಟ್ಟಿದ ಸಂಸ್ಥೆಗಳಿಗೆ ಮೊದಲು ತಾತ್ಕಾಲಿಕ ಅನುಮೋದನೆಯಷ್ಟೇ ಸಿಗುತ್ತದೆ. ಹಾಗಾಗಿ ಇಪ್ಪತ್ತು ವರ್ಷ ಹಿಂದಿನ 80ಜಿ ಸಂಖ್ಯೆಯನ್ನೇ ಇಂದಿಗೂ ಅಚ್ಚು ಹಾಕಿಸಿಕೊಂಡು ತಿರುಗುವವರನ್ನು ಕಂಡರೆ, ಈಗಿನ ಆದೇಶ ಯಾವ ವರ್ಷದವರೆಗೆ ಇದೆ ಎಂಬ ಪ್ರಶ್ನೆಯನ್ನು ಕೇಳಲೇಬೇಕು.

80ಜಿ ಎಂದರೆ ಕೊಟ್ಟ ಹಣವೆಲ್ಲ ತೆರಿಗೆಯಲ್ಲಿ ವಾಪಸು ಬರುತ್ತದೆ ಎಂಬ ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ಸಾಮಾನ್ಯ ಖಾಸಗಿ ಸೇವಾ ಸಂಸ್ಥೆಗೆ ₹10,000 ಕೊಟ್ಟರೆ ಅದರ ಅರ್ಧ, ಅಂದರೆ ₹5,000, ನಿಮ್ಮ ತೆರಿಗೆಯಲ್ಲಲ್ಲ, ಆದಾಯದಲ್ಲಿ ಕಡಿತವಾಗುತ್ತದೆ. ಶೇಕಡಾ 20ರ ತೆರಿಗೆ ಹಂತದಲ್ಲಿರುವವರಿಗೆ ಸೆಸ್ ಸೇರಿ ಉಳಿಯುವುದು ₹1,040 ಮಾತ್ರ. ಇದಕ್ಕೂ ಒಟ್ಟು ಆದಾಯದ ಲೆಕ್ಕದಲ್ಲಿ ಶೇಕಡಾ 10ರ ಮಿತಿಯಿದೆ. ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ, ಮುಖ್ಯಮಂತ್ರಿಗಳ ಪರಿಹಾರ ನಿಧಿಯಂಥವಕ್ಕೆ ಕೊಟ್ಟರೆ ಪೂರ್ತಿ ಮೊತ್ತಕ್ಕೆ ಕಡಿತ ಸಿಗುತ್ತದೆ. ₹2,000ಕ್ಕಿಂತ ಹೆಚ್ಚು ಮೊತ್ತವನ್ನು ನಗದಾಗಿ ಕೊಟ್ಟರೆ ಯಾವ ಕಡಿತವೂ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ 80ಜಿ ಲಾಭವೇ ಅನ್ವಯಿಸುವುದಿಲ್ಲ, ಮತ್ತು 2023-24ನೇ ಹಣಕಾಸು ವರ್ಷದಿಂದ ಬೇರೆ ಆಯ್ಕೆ ಮಾಡದಿದ್ದರೆ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ನಮ್ಮ ಬಳಗದ ಹೆಚ್ಚಿನ ಪಿಂಚಣಿದಾರರು ಹೊಸ ಪದ್ಧತಿಯಲ್ಲೇ ಇರುವುದರಿಂದ ನಮಗೆ ತೆರಿಗೆ ಉಳಿತಾಯ ಮುಖ್ಯವಲ್ಲ. ಆದರೂ ಸಂಸ್ಥೆಗೆ ಚಾಲ್ತಿಯ 80ಜಿ ಇದೆಯೇ ಎಂದು ನೋಡುತ್ತೇವೆ, ಏಕೆಂದರೆ ಅದನ್ನು ಉಳಿಸಿಕೊಳ್ಳಲು ಸಂಸ್ಥೆ ಪ್ರತಿ ವರ್ಷ ಇಲಾಖೆಗೆ ದಾನಿಗಳ ವಿವರ ಕೊಡಬೇಕಾಗುತ್ತದೆ.

ಆ ವಿವರಕ್ಕೆ 10ಬಿಡಿ ನಮೂನೆ ಎಂದು ಹೆಸರು. ಹಣಕಾಸು ವರ್ಷ ಮುಗಿದ ಮೇಲೆ ಮೇ 31ರೊಳಗೆ ಸಂಸ್ಥೆ ಅದನ್ನು ಸಲ್ಲಿಸಿ, ಪ್ರತಿ ದಾನಿಗೂ 10ಬಿಇ ಎಂಬ ಪ್ರಮಾಣಪತ್ರ ಕೊಡಬೇಕು. 2021-22ರಿಂದ ಈ ವ್ಯವಸ್ಥೆ ಜಾರಿಯಲ್ಲಿದ್ದು, ತಡವಾದರೆ ದಿನಕ್ಕೆ ₹200ರಂತೆ ಶುಲ್ಕವಿದೆ. (2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಇಲ್ಲಿ ಹೇಳಿದ ಸಂಖ್ಯೆಗಳೆಲ್ಲ 1961ರ ಕಾಯ್ದೆಯವು ಎಂದು ತಿಳಿಯಬೇಕು.) ನನ್ನ ಮಟ್ಟಿಗೆ ಒಂದು ಸಂಸ್ಥೆಯ ಶಿಸ್ತನ್ನು ಅಳೆಯಲು ಈ ಪ್ರಮಾಣಪತ್ರಕ್ಕಿಂತ ಒಳ್ಳೆಯ ಸಾಧನವಿಲ್ಲ. ರಸೀದಿಯನ್ನು ಯಾವ ಮುದ್ರಣಾಲಯದಲ್ಲಾದರೂ ಅಚ್ಚು ಹಾಕಿಸಬಹುದು, 10ಬಿಇ ಹಾಗಲ್ಲ, ಅದು ಇಲಾಖೆಯ ಜಾಲತಾಣದಿಂದಲೇ ಇಳಿಯಬೇಕು. ಮೊದಲ ವರ್ಷ ಸಣ್ಣ ಮೊತ್ತ ಕೊಟ್ಟು, ಜೂನ್ ಬಂದಾಗ ಆ ಪತ್ರ ತಾನಾಗಿ ಬಂತೋ, ಕೇಳಿದ ಮೇಲೆ ಬಂತೋ, ಬರಲೇ ಇಲ್ಲವೋ ಎಂದು ನೋಡಿ, ಎರಡನೆಯ ವರ್ಷದ ಮೊತ್ತ ತೀರ್ಮಾನಿಸುವುದು ನಾವು ಅನುಸರಿಸುತ್ತಿರುವ ಕ್ರಮ. ನೆರೆಯ ತಾಲ್ಲೂಕಿನ ಒಂದು ಸಂಸ್ಥೆಗೆ ನಾವು ಕೊಟ್ಟ ಹಣಕ್ಕೆ ಎರಡು ವರ್ಷ ಕೇಳಿದರೂ ಆ ಪತ್ರ ಬರಲಿಲ್ಲ. ಅಲ್ಲಿಗೆ ಕೊಡುವುದನ್ನು ನಿಲ್ಲಿಸಿದೆವು. ಅದರ ದರ್ಪಣದ ಪುಟ ಮಾತ್ರ ಯಾವ ಕೊರತೆಯೂ ಇಲ್ಲದೆ ತುಂಬಿತ್ತು.

ಉಳಿದ ಜಾಲತಾಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೈಡ್‌ಸ್ಟಾರ್ ಇಂಡಿಯಾದಲ್ಲಿ ಸಂಸ್ಥೆಗಳು ವಾರ್ಷಿಕ ವರದಿ ಮತ್ತು ಲೆಕ್ಕಪತ್ರಗಳನ್ನು ಹಂಚಿಕೊಳ್ಳುತ್ತವೆ, ಪಾರದರ್ಶಕತೆಗೆ ದರ್ಜೆವಾರು ಪ್ರಮಾಣಪತ್ರಗಳೂ ಇವೆ. ಬೆಂಗಳೂರು, ಮುಂಬೈಯ ದೊಡ್ಡ ಸಂಸ್ಥೆಗೆ ಕೊಡುವವರು ಮೊದಲು ಅಲ್ಲಿ ನೋಡುವುದು ಉತ್ತಮ, ನಮ್ಮ ತಾಲ್ಲೂಕುಗಳ ಸಣ್ಣ ಸಂಸ್ಥೆಗಳಿಗೆ ಅದು ಅಷ್ಟು ನೆರವಾಗಿಲ್ಲ. ಲಾಭರಹಿತ ಕಂಪನಿಯಾದರೆ ಅದರ ನೋಂದಣಿ ಸಂಖ್ಯೆಯ ನಡುವೆ ‘ಎನ್‌ಪಿಎಲ್’ ಎಂಬ ಮೂರು ಅಕ್ಷರಗಳಿರುತ್ತವೆ, ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದನ್ನು ಪರಿಶೀಲಿಸಬಹುದು. ಕಂಪನಿಗಳ ಸಾಮಾಜಿಕ ಹೊಣೆಯ ರಾಷ್ಟ್ರೀಯ ಪೋರ್ಟಲ್ ದಾನಿಗಿಂತ ನಾಗರಿಕನಿಗೆ ಹೆಚ್ಚು ಉಪಯುಕ್ತ. ಕಂಪನಿ ಕಾಯ್ದೆ 2013ರ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಮಳಖೇಡ, ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳ ದೂಳು ಕುಡಿದವರು, ಆ ಕಂಪನಿಗಳು ಯಾವ ರಾಜ್ಯದಲ್ಲಿ ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡಿವೆ ಎಂದು ಅಲ್ಲಿ ಹುಡುಕಿ ನೋಡಬೇಕು. ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು 2018ರಲ್ಲಿ ಶುರುವಾದ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದ ಎರಡೇ ಜಿಲ್ಲೆಗಳಲ್ಲಿ ಯಾದಗಿರಿ ಒಂದು, ಮತ್ತೊಂದು ರಾಯಚೂರು. ಅಲ್ಲಿಗೆ ಬರಬೇಕಾದ ಹಣದ ಬಗ್ಗೆ ನಮ್ಮವರೇ ವಿಚಾರಿಸದಿದ್ದರೆ ಇನ್ನಾರು ವಿಚಾರಿಸಬೇಕು?

ಜಾಲತಾಣದಲ್ಲಿ ಸಿಗದ್ದನ್ನು ಕಚೇರಿಯಲ್ಲಿ ಹುಡುಕಬೇಕಾಗುತ್ತದೆ. ಸಂಘವಾದರೆ ವಾರ್ಷಿಕ ಮಹಾಸಭೆಯ ನಂತರ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂಬ ನಿಯಮವಿರುವುದರಿಂದ, ಜಿಲ್ಲಾ ಕೇಂದ್ರದ ಆ ಕಚೇರಿಯಲ್ಲಿ ಕಡತವೊಂದು ಇರುತ್ತದೆ. ಮಾಹಿತಿ ಹಕ್ಕು ಕಾಯ್ದೆಯಡಿ ₹10 ಶುಲ್ಕದ ಅರ್ಜಿ ಕೊಟ್ಟು ಅದರ ಪ್ರತಿ ಕೇಳಬಹುದು. ಸರ್ಕಾರದಿಂದ ಗಣನೀಯ ಪ್ರಮಾಣದಲ್ಲಿ ಹಣ ಪಡೆಯುವ ಸರ್ಕಾರೇತರ ಸಂಸ್ಥೆಗಳು ತಾವೇ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಟ್ರಸ್ಟ್ ಆದರೆ ಸಂಗತಿ ಕಷ್ಟದ್ದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟಿನ ಪತ್ರ ಸಿಗಬಹುದೇ ಹೊರತು ವರ್ಷದ ಲೆಕ್ಕ ಸಿಗುವುದಿಲ್ಲ. ಗಡಿ ದಾಟಿ ಅಕ್ಕಲಕೋಟೆ, ಸೊಲ್ಲಾಪುರಕ್ಕೆ ಹೋದರೆ ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆಯಡಿ ಧರ್ಮಾದಾಯ ಆಯುಕ್ತರ ಕಚೇರಿ ಇದ್ದು, ಟ್ರಸ್ಟುಗಳು ಅಲ್ಲಿಗೆ ಲೆಕ್ಕ ಒಪ್ಪಿಸಬೇಕು. ನಮ್ಮ ರಾಜ್ಯದಲ್ಲಿ ಮುಜರಾಯಿ ದೇವಸ್ಥಾನಗಳಿಗೆ ಇಲಾಖೆ ಇದೆ, ಸಾಮಾನ್ಯ ಸೇವಾ ಟ್ರಸ್ಟುಗಳ ಲೆಕ್ಕ ತರಿಸಿಕೊಂಡು ಸಾರ್ವಜನಿಕರಿಗೆ ತೋರಿಸುವ ಅಂಥ ಕಚೇರಿಯಿಲ್ಲ. ದರ್ಪಣದಲ್ಲಿ ‘ಟ್ರಸ್ಟ್’ ಎಂದು ಕಂಡ ಕೂಡಲೇ ನಾನು ಲೆಕ್ಕಪತ್ರವನ್ನು ಸಂಸ್ಥೆಯಿಂದಲೇ ಕೇಳಿ ಪಡೆಯುವುದು ಇದೇ ಕಾರಣಕ್ಕೆ.

ಕೇಳುವುದಕ್ಕೆ ನಮ್ಮ ಜನ ಸಂಕೋಚ ಪಡುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ಆ ಮಾತು ದಾನಿಯ ಡಂಭಕ್ಕೆ ಹಾಕಿದ ಕಡಿವಾಣ, ತೆಗೆದುಕೊಂಡವರ ಲೆಕ್ಕಕ್ಕೆ ಕೊಟ್ಟ ವಿನಾಯಿತಿಯಲ್ಲ. ಕಲಬುರಗಿಯ ಹೊರವಲಯದ ಒಂದು ವೃದ್ಧಾಶ್ರಮದಲ್ಲಿ ಲೆಕ್ಕ ನೋಡಬಹುದೇ ಎಂದು ನಾನು ಅಳುಕುತ್ತಲೇ ಕೇಳಿದಾಗ, ಅಲ್ಲಿನ ಖಜಾಂಚಿಯಾಗಿರುವ ಹೆಣ್ಣುಮಗಳು ಬೀರುವಿನಿಂದ ಕಡತ ತೆಗೆದು ಮುಂದಿಟ್ಟು, “ಲೆಕ್ಕಾ ಕೇಳಿದ್ರ ನಮಗೇನೂ ಬ್ಯಾಸರಿಲ್ಲರಿ ಸರ. ಕೇಳದೇ ರೊಕ್ಕಾ ಕೊಟ್ಟವರು ಒಮ್ಮೆ ಬಂದು ಹೋಗ್ತಾರ್ರಿ, ಕೇಳಿ ಕೊಟ್ಟವರು ವರ್ಷಾ ಬರ್ತಾರ” ಎಂದರು. ಕಡತದಲ್ಲಿ ಲೆಕ್ಕಪರಿಶೋಧಕರ ಸಹಿ ಮತ್ತು ಮೊಹರು ಇದ್ದ ಜಮಾ-ಖರ್ಚಿನ ಪಟ್ಟಿ, ಅದರ ಹಿಂದೆ ಆಸ್ತಿ-ಹೊಣೆಯ ತಖ್ತೆ ಇದ್ದವು. ನನ್ನ ಮನಸ್ಸಿಗೆ ಹಿಡಿಸಿದ್ದು ಇವೆರಡಕ್ಕಿಂತ ಹೆಚ್ಚಾಗಿ ಅಡುಗೆಮನೆ ಬಾಗಿಲಿನ ಹಿಂದೆ ಮೊಳೆಗೆ ತೂಗುಹಾಕಿದ್ದ ರಟ್ಟಿನ ವಹಿ. ಬಂದ ಜೋಳ, ತೊಗರಿಬೇಳೆ, ಬೆಲ್ಲ, ಸೀರೆ, ರಗ್ಗುಗಳನ್ನು ದಿನಾಂಕವಾರು ಎಡಪುಟದಲ್ಲಿ, ಬಳಸಿದ್ದನ್ನು ಬಲಪುಟದಲ್ಲಿ ಬರೆದು, ತಿಂಗಳ ಕೊನೆಗೆ ಕೆಂಪು ಶಾಯಿಯಲ್ಲಿ ಉಳಿಕೆ ತೋರಿಸಿದ್ದರು. ತೊಗರಿ ರಾಶಿಯಾಗುವ ತಿಂಗಳಲ್ಲಿ ಎಡಪುಟ ತುಂಬಿ ಇನ್ನೊಂದು ಹಾಳೆ ಅಂಟಿಸಿದ್ದರು.

ಈ ವಹಿಯಲ್ಲಿರುವ ದಾನ ದರ್ಪಣದ ಪುಟದಲ್ಲಿ ಕಾಣುವುದಿಲ್ಲ. ಕಾಳು, ಬಟ್ಟೆಯಂಥ ವಸ್ತುರೂಪದ ದೇಣಿಗೆಗೆ 80ಜಿ ಕಡಿತವೂ ಇಲ್ಲ. ಆದರೆ ನಮ್ಮ ಮೂರು ಜಿಲ್ಲೆಗಳ ಎಷ್ಟೋ ಆಶ್ರಮಗಳ ಒಲೆ ಉರಿಯುತ್ತಿರುವುದು ಈ ದಾನದಿಂದಲೇ. ಇಂಥ ಸಣ್ಣ ಜಾಗಗಳನ್ನು ಜಾಲತಾಣದ ಪುಟ ನೋಡಿ ಅಳೆದರೆ, ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆಯಬಲ್ಲವರಿಗೆ ಹಣ ಹೋಗಿ, ಚೆನ್ನಾಗಿ ಬಡಿಸುವವರಿಗೆ ಹೋಗದೆ ಉಳಿಯುವ ಅಪಾಯವಿದೆ. ಹಾಗೆಂದು ಕಾಗದವೇ ಬೇಡವೆಂದಲ್ಲ. ಜಮಾ-ಖರ್ಚಿನ ಪಟ್ಟಿ ಓದುವಾಗ ನಾನು ನೋಡುವುದು ಊಟ, ಔಷಧಿ, ಶಿಕ್ಷಣದಂಥ ಮೂಲ ಕೆಲಸಕ್ಕೆ ಹೋದದ್ದೆಷ್ಟು, ಸಮಾರಂಭ ಮತ್ತು ಪ್ರಚಾರಕ್ಕೆ ಹೋದದ್ದೆಷ್ಟು, ‘ಇತರೆ ವೆಚ್ಚ’ ಎಂಬ ಸಾಲು ಉಳಿದ ಸಾಲುಗಳಿಗಿಂತ ದಪ್ಪಗಿದೆಯೇ ಎಂಬುದನ್ನು. ಸಂಬಳದ ಖರ್ಚು ಕಂಡು ಮುಖ ಸಿಂಡರಿಸುವವರಿದ್ದಾರೆ. ರಾತ್ರಿಯಿಡೀ ಹಾಸಿಗೆ ಹಿಡಿದ ಮುದುಕರ ಬಳಿ ಕೂರುವ ಆಯಾಗೆ ಸಂಬಳ ಕೊಡುವುದು ದುಂದಲ್ಲ, ಕೊಡದಿರುವುದೇ ತಪ್ಪು. ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ತನ್ನ ಆದಾಯದ ಶೇಕಡಾ 85ರಷ್ಟನ್ನು ಉದ್ದೇಶಿತ ಕೆಲಸಕ್ಕೆ ಬಳಸಬೇಕೆಂಬ ನಿಯಮವಿರುವುದರಿಂದ, ವರ್ಷದಿಂದ ವರ್ಷಕ್ಕೆ ಠೇವಣಿ ಮಾತ್ರ ಬೆಳೆಯುತ್ತಿದ್ದರೆ ಅದಕ್ಕೆ ಕಾರಣ ಕೇಳುವುದೂ ದಾನಿಯ ಹಕ್ಕು.

ವಾಟ್ಸ್ಆ್ಯಪಿನಲ್ಲಿ ಬರುವ ಚಿಕಿತ್ಸೆಯ ಮೊರೆಗಳಿಗೆ ದರ್ಪಣದಿಂದ ಯಾವ ಪ್ರಯೋಜನವೂ ಇಲ್ಲ, ಏಕೆಂದರೆ ಅಲ್ಲಿ ಹಣ ಕೇಳುತ್ತಿರುವುದು ಸಂಸ್ಥೆಯಲ್ಲ, ಕುಟುಂಬ. ಅಂಥ ಸಂದರ್ಭದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಸಿಗುವ ಅವಕಾಶವಿದ್ದು, ಅದನ್ನು ಕೇಳಿ ನೋಡಿದ್ದಾರೆಯೇ ಎಂದು ವಿಚಾರಿಸಿ, ಆಮೇಲೂ ಬೇಕಾದರೆ ಹಣವನ್ನು ಆಸ್ಪತ್ರೆಯ ಖಾತೆಗೇ ರೋಗಿಯ ನೋಂದಣಿ ಸಂಖ್ಯೆ ಬರೆದು ಕಟ್ಟುವುದು ಸುರಕ್ಷಿತ. ಎಷ್ಟೋ ಸಲ ಆ ಕುಟುಂಬಕ್ಕೆ ಹಣಕ್ಕಿಂತ ಮೊದಲು ಬೇಕಾಗಿರುವುದು ಸರಿಯಾದ ಕೌಂಟರಿನ ದಾರಿ ತೋರಿಸುವವರು.

ಒಟ್ಟಾರೆ ದರ್ಪಣಕ್ಕೆ ನಾನು ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಉಚಿತ, ಸುಲಭ, ಮತ್ತು ಪದಾಧಿಕಾರಿಗಳ ಹೆಸರನ್ನು ಬೆಳಕಿಗೆ ತಂದಿರುವುದಕ್ಕೆ ಆ ಮೂರು. ಇಂಗ್ಲೆಂಡಿನಲ್ಲಿ ನೋಂದಾಯಿತ ದತ್ತಿ ಸಂಸ್ಥೆಗಳ ಆದಾಯ ಮತ್ತು ವೆಚ್ಚವನ್ನು ಚಾರಿಟಿ ಕಮಿಷನ್ನಿನ ನೋಂದಣಿ ಪುಟದಲ್ಲೇ ಯಾರು ಬೇಕಾದರೂ ನೋಡಬಹುದು. ದರ್ಪಣದಲ್ಲೂ ಪ್ರತಿ ಸಂಸ್ಥೆ ಹಿಂದಿನ ಮೂರು ವರ್ಷದ ಪರಿಶೋಧಿತ ಲೆಕ್ಕವನ್ನು ಏರಿಸುವುದು ಕಡ್ಡಾಯವಾಗಬೇಕು, 80ಜಿ ಆದೇಶದ ಕೊನೆಯ ವರ್ಷ ಅಲ್ಲೇ ಕಾಣಬೇಕು, ಮತ್ತು ಸಂಸ್ಥೆಯ ಹೆಸರು ಹಾಗೂ ಕೆಲಸದ ವಿವರ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು. ಈ ಮೂರೂ ಆದರೆ ಉಳಿದ ಎರಡು ಅಂಕಗಳನ್ನು ಕೊಡಲು ನನಗೆ ಸಂತೋಷವೇ. ಅಲ್ಲಿಯವರೆಗೆ, ಹೊಸ ಸಂಸ್ಥೆಯೊಂದಕ್ಕೆ ಮೊದಲ ಬಾರಿ ಕೊಡುವವರು ದರ್ಪಣದ ಪುಟ, ಪ್ಯಾನಿನ ನಾಲ್ಕನೆಯ ಅಕ್ಷರ, ಚಾಲ್ತಿಯ ಆದೇಶ ಮತ್ತು ಕಳೆದ ವರ್ಷದ ಲೆಕ್ಕ ಇವಿಷ್ಟನ್ನು ನೋಡಿಕೊಳ್ಳಲಿ. ಮಾರ್ಚಿನ ಕೊನೆಯ ವಾರದ ಗಡಿಬಿಡಿಗೆ ಇದನ್ನು ಬಿಡಬಾರದು, ಆಗ ಸಂಸ್ಥೆಯವರಿಗೂ ಕಡತ ತೆರೆದು ತೋರಿಸಲು ಪುರುಸೊತ್ತಿರುವುದಿಲ್ಲ. ನಮ್ಮ ಬಳಗ ಈ ಕೆಲಸವನ್ನು ದೀಪಾವಳಿ ಮುಗಿದ ಮೇಲೆ ಶುರು ಮಾಡಿ, ತೊಗರಿ ರಾಶಿಯ ಹೊತ್ತಿಗೆ ಒಮ್ಮೆ ಸಂಸ್ಥೆಗೆ ಹೋಗಿ ಬರುತ್ತದೆ, ಆ ದಿನ ಮಧ್ಯಾಹ್ನದ ಊಟವನ್ನೂ ಅಲ್ಲಿನವರ ಜೊತೆಗೇ ಮಾಡುತ್ತದೆ.